ಅಂಗಡಿ ಬೀದಿಯ ವಂತಿಗೆ ಯಾರ ಕಾರಿಗೆ?

ಊರಿನ ಹಳೆಯ ಪೇಟೆ ಸೊರಗಿದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಖರ್ಚನ್ನು ಯಾರು ಹೊರಬೇಕು? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಈ ಪ್ರಶ್ನೆಗೆ 1965ರಲ್ಲೇ ಒಂದು ಉತ್ತರ ಹುಡುಕಿತು. ಆ ಪೇಟೆಯಲ್ಲಿ ವ್ಯಾಪಾರ ಮಾಡುವವರಿಂದಲೇ ವರ್ಷಕ್ಕಿಷ್ಟು ವಂತಿಗೆ ಎತ್ತುವುದು, ಆ ಹಣವನ್ನು ಆ ಪೇಟೆಯ ಪಾರ್ಕಿಂಗಿಗೆ, ದೀಪಕ್ಕೆ, ಬೆಂಚಿಗೆ, ಕಸದ ತೊಟ್ಟಿಗೆ, ಹಬ್ಬದ ಅಲಂಕಾರಕ್ಕೆ, ಇಂಥ ಕೆಲಸಗಳಿಗೆ ಮಾತ್ರ ಖರ್ಚು ಮಾಡುವುದು. ಈ ಕಾನೂನನ್ನು 1979ರಲ್ಲೂ 1989ರಲ್ಲೂ ಹೊಸದಾಗಿ ಬರೆದರು. 1989ರ ಕಾನೂನು ಈಗಲೂ ಜಾರಿಯಲ್ಲಿದೆ, ಆ ರಾಜ್ಯದ ಎಷ್ಟೋ ಸಣ್ಣ ಊರುಗಳ ಮುಖ್ಯಬೀದಿ ಇದರ ಬಲದಿಂದಲೇ ನಡೆಯುತ್ತಿದೆ.

ಅಂಗಡಿಕಾರರ ಮೇಲೆ ಇಂಥ ವಂತಿಗೆ ಹಾಕುವುದು ನ್ಯಾಯ ಎಂದೇ ನಾನು ನಂಬಿದ್ದೇನೆ. ಆದರೆ ಆ ವಂತಿಗೆಯಿಂದ ಕಾರುಗಳಿಗೆ ಬಿಟ್ಟಿ ನಿಲುಗಡೆ ಒದಗಿಸುವುದು ಅನ್ಯಾಯ. ಈ ಎರಡು ಮಾತುಗಳೂ ಒಟ್ಟಿಗೆ ನಿಲ್ಲುತ್ತವೆ. ಹೇಗೆಂದು ಹೇಳುವುದಕ್ಕೇ ಈ ಲೇಖನ.

ಮೊದಲು ವ್ಯವಸ್ಥೆ ನಡೆಯುವ ರೀತಿ ನೋಡೋಣ. ನಗರಸಭೆ ಒಂದು ಪೇಟೆಯ ಸುತ್ತ ಗಡಿ ಎಳೆಯುತ್ತದೆ. ಒಳಗಿನ ಅಂಗಡಿಗಳಿಗೆ ಎಷ್ಟೆಷ್ಟು ವಂತಿಗೆ ಎಂದು ಗೊತ್ತುಪಡಿಸುತ್ತದೆ. ಮುಖ್ಯಬೀದಿಗೆ ಮುಖ ಮಾಡಿದ ಬಟ್ಟೆ ಅಂಗಡಿಗೆ ಹೆಚ್ಚು, ಹಿಂದಿನ ಓಣಿಯ ಅಂಗಡಿಗೆ ಕಡಿಮೆ, ಮಹಡಿಯ ಮೇಲಿನ ವಕೀಲರ ಕಚೇರಿಗೆ ಇನ್ನೂ ಕಡಿಮೆ. ಯಾರಿಗೆ ಎಷ್ಟು ಲಾಭವೋ ಅವರಿಗೆ ಅಷ್ಟು ಭಾರ ಎಂಬುದು ಲೆಕ್ಕ. ಬಹಿರಂಗ ವಿಚಾರಣೆ ನಡೆಯಬೇಕು. ಒಟ್ಟು ವಂತಿಗೆಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಕೊಡಬೇಕಾದವರು ಲಿಖಿತವಾಗಿ ಬೇಡ ಎಂದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಬೇಡ ಎನ್ನುವವರ ಪಾಲು ಅಷ್ಟಾಗದಿದ್ದರೆ ಎಲ್ಲರೂ ಕೊಡಬೇಕು, ಒಪ್ಪದವರೂ ಕೊಡಬೇಕು.

ಒಪ್ಪದವರಿಂದಲೂ ವಸೂಲು ಮಾಡುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಕೆನಡಾದ ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಬೀದಿಯ ಅನುಭವವೇ ಉತ್ತರ. ಅರವತ್ತರ ದಶಕದಲ್ಲಿ ಆ ಬೀದಿಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಊರಿನ ಹೊರವಲಯದಲ್ಲಿ ದೊಡ್ಡ ಮಾಲ್‌ಗಳು ಎದ್ದವು. ಸಾಲದ್ದಕ್ಕೆ ಸುರಂಗ ರೈಲು ಬಂದು, ಟ್ರಾಮ್ ಕಿಟಕಿಯಿಂದ ಅಂಗಡಿ ನೋಡಿ ಇಳಿಯುತ್ತಿದ್ದ ಜನ ನೆಲದಡಿಯಲ್ಲಿ ಹಾದುಹೋಗತೊಡಗಿದರು. ವರ್ತಕರು ಸಂಘ ಕಟ್ಟಿ ಚಂದಾ ಎತ್ತಿದರು. ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಕೊಡದವನ ಅಂಗಡಿಯ ಮುಂದೆ ದೀಪ ಹಾಕದೆ ಬಿಡಲಾಗುತ್ತದೆಯೆ? ಬೀದಿಯ ಬೆಳಕು ಎಲ್ಲರ ಬಾಗಿಲಿಗೂ ಬೀಳುತ್ತದೆ. ಹೀಗಾಗಿ ಕೊಟ್ಟವರಿಗೆ ಬೇಸರ ಬಂತು, ಮುಂದಿನ ವರ್ಷ ಅವರೂ ಕೈ ಬಿಗಿ ಹಿಡಿದರು. ಕೊನೆಗೆ ಅವರೇ ಸರ್ಕಾರದ ಬಳಿ ಹೋಗಿ, ಎಲ್ಲರೂ ಕೊಡುವಂತೆ ಕಾನೂನು ಮಾಡಿ ಎಂದು ಕೇಳಿದರು. 1970ರಲ್ಲಿ ಆ ಬೀದಿ, ಜಗತ್ತಿನ ಮೊದಲನೆಯದೆಂದು ಹೆಸರಾದ ವ್ಯಾಪಾರ ಸುಧಾರಣಾ ಪ್ರದೇಶವಾಯಿತು. ಇಂದು ಟೊರಾಂಟೊ ಒಂದರಲ್ಲೇ ಇಂಥವು ಎಂಬತ್ತಕ್ಕೂ ಹೆಚ್ಚಿವೆ. ಗಮನಿಸಬೇಕಾದದ್ದು ಏನೆಂದರೆ, ಈ ಕಡ್ಡಾಯವನ್ನು ಮೇಲಿನಿಂದ ಹೇರಿದ್ದಲ್ಲ. ಕೊಡುವವರೇ ಕೇಳಿ ಪಡೆದದ್ದು.

ಕನ್ನಡ ನಾಡಿಗೆ ಇದು ತೀರ ಹೊಸ ಸಂಗತಿಯೂ ಅಲ್ಲ. ಐಹೊಳೆಯ ಹೆಸರು ಹೊತ್ತು ದೇಶವೆಲ್ಲ ತಿರುಗಿದ ಅಯ್ಯಾವೊಳೆ ಐನೂರ್ವರ ಶಾಸನಗಳನ್ನು ನೋಡಿದವರಿಗೆ ಗೊತ್ತು. ಹೇರಿಗಿಷ್ಟು, ಎಲೆಯ ಹೊರೆಗಿಷ್ಟು, ಅಡಕೆಗಿಷ್ಟು ಎಂದು ವರ್ತಕರು ತಮ್ಮ ಮೇಲೆ ತಾವೇ ಆಯ ಹಾಕಿಕೊಂಡು ಗುಡಿ ಬಸದಿಗಳ ಖರ್ಚಿಗೆ ಬಿಟ್ಟುಕೊಟ್ಟದ್ದು ಅಲ್ಲಿ ಕಲ್ಲಿನ ಮೇಲೆ ದಾಖಲಾಗಿದೆ. ಸಂಘ ಒಪ್ಪಿದ ಮೇಲೆ ಒಬ್ಬೊಬ್ಬನಿಗೂ ಅದು ಕಟ್ಟಳೆ. ಹಣ ಎಲ್ಲಿಗೆ ಹೋಗಬೇಕು ಎಂಬುದನ್ನೂ ಅದೇ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು.

ವಂತಿಗೆಯ ಪರವಾದ ಮಾತು ಇಷ್ಟು. ಇನ್ನು ಪಾರ್ಕಿಂಗಿಗೆ ಬರೋಣ.

ಒಂದು ಬೀದಿಯಲ್ಲಿ ಕ್ಷೌರದ ಅಂಗಡಿ, ಬ್ರೆಡ್ಡಿನ ಅಂಗಡಿ, ಸೋಫಾ ಮಂಚ ಮಾರುವ ದೊಡ್ಡ ಮಳಿಗೆ ಇವೆ ಎಂದುಕೊಳ್ಳಿ. ಕ್ಷೌರಕ್ಕೂ ಬ್ರೆಡ್ಡಿಗೂ ಬರುವವರು ಅಕ್ಕಪಕ್ಕದ ಮನೆಗಳಿಂದ ನಡೆದು ಬರುತ್ತಾರೆ. ಸೋಫಾ ಕೊಳ್ಳುವವರು ಕಾರಿನಲ್ಲಿ ಬರುತ್ತಾರೆ. ಮೂವರಿಂದಲೂ ವಂತಿಗೆ ಎತ್ತಿ ಪಾರ್ಕಿಂಗ್ ಕಟ್ಟಡ ಕಟ್ಟಿ, ಕಾರಿಗೆ ಬಿಟ್ಟಿ ಎಂದು ಬೋರ್ಡು ಹಾಕಿದರೆ ಏನಾಯಿತು? ಕ್ಷೌರಿಕ ತನ್ನ ಗಳಿಕೆಯಿಂದ ಸೋಫಾ ಮಳಿಗೆಯ ಗಿರಾಕಿಯ ಕಾರಿಗೆ ಬಾಡಿಗೆ ಕಟ್ಟಿದ. ಬ್ರೆಡ್ಡಿನ ಅಂಗಡಿಯವರು ಆ ಖರ್ಚನ್ನು ಬ್ರೆಡ್ಡಿನ ಬೆಲೆಗೆ ಸೇರಿಸಿದರೆ, ಕಾರೇ ಇಲ್ಲದೆ ನಡೆದು ಬಂದ ಅಜ್ಜಿ ಆ ಬಾಡಿಗೆ ಕೊಟ್ಟಳು. ನಿಲುಗಡೆಗೆ ಖರ್ಚು ಇದ್ದೇ ಇದೆ. ನೆಲಕ್ಕೆ ಬೆಲೆ ಇದೆ, ಸಿಮೆಂಟಿಗೆ ಬೆಲೆ ಇದೆ, ಕಾವಲಿಗೆ ಸಂಬಳ ಇದೆ. ಕಾರಿನವರು ಕೊಡದಿದ್ದರೆ ಬೇರೆ ಯಾರೋ ಕೊಡುತ್ತಿದ್ದಾರೆ ಎಂದೇ ಅರ್ಥ.

ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಜೀವನವಿಡೀ ಈ ಒಂದೇ ವಿಷಯದ ಬೆನ್ನು ಹತ್ತಿದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಬಿಟ್ಟಿ ಪಾರ್ಕಿಂಗಿನ ದುಬಾರಿ ಬೆಲೆಯನ್ನು ಕುರಿತು 2005ರಲ್ಲಿ ಅವರು ಬರೆದ ದಪ್ಪ ಗ್ರಂಥ ನಗರ ಯೋಜಕರ ಕಣ್ಣು ತೆರೆಸಿತು. ಅವರ ವಾದ ಸರಳ. ರಸ್ತೆಬದಿಯ ಜಾಗಕ್ಕೆ ತಕ್ಕ ಬೆಲೆ ಇಡಿ. ಪ್ರತಿ ಬೀದಿಯಲ್ಲೂ ಒಂದೆರಡು ಜಾಗ ಯಾವಾಗಲೂ ಖಾಲಿ ಸಿಗುವಷ್ಟು ಬೆಲೆ ಸಾಕು, ಅದಕ್ಕಿಂತ ಹೆಚ್ಚು ಬೇಡ. ಬಂದ ಹಣವನ್ನು ಅದೇ ಬೀದಿಗೆ ಖರ್ಚು ಮಾಡಿ. ತಮ್ಮ ವಿಶ್ವವಿದ್ಯಾಲಯದ ಪಕ್ಕದ ವೆಸ್ಟ್‌ವುಡ್ ವಿಲೇಜ್‌ನಲ್ಲಿ ಅವರು ಲೆಕ್ಕ ಹಾಕಿದ್ದರು. ಕೇವಲ ಹದಿನೈದು ಬ್ಲಾಕುಗಳ ಆ ಪೇಟೆಯಲ್ಲಿ ಜಾಗ ಹುಡುಕುತ್ತ ಸುಮ್ಮನೆ ಸುತ್ತುವ ಕಾರುಗಳು ವರ್ಷಕ್ಕೆ ಒಂಬತ್ತೂವರೆ ಲಕ್ಷ ಮೈಲಿ, ಅಂದರೆ ಸುಮಾರು ಹದಿನೈದು ಲಕ್ಷ ಕಿಲೋಮೀಟರ್ ಓಡುತ್ತಿದ್ದವು. ಅಷ್ಟು ಪೆಟ್ರೋಲು, ಅಷ್ಟು ಹೊಗೆ, ಅಷ್ಟು ಜನರ ಹೊತ್ತು ಸುಟ್ಟುಹೋದದ್ದು ಯಾವ ಕೆಲಸಕ್ಕೂ ಅಲ್ಲ.

ಪಾರ್ಕಿಂಗ್ ಮೀಟರ್ ವ್ಯಾಪಾರಿಗಳ ಶತ್ರು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಅದು ಹುಟ್ಟಿದ್ದೇ ವ್ಯಾಪಾರಿಗಳಿಗಾಗಿ ಎಂಬುದು ಮರೆತೇಹೋಗಿದೆ. ಜಗತ್ತಿನ ಮೊದಲ ಮೀಟರ್ ನೆಟ್ಟದ್ದು 1935ರ ಜುಲೈ 16ರಂದು, ಓಕ್ಲಹೋಮ ಸಿಟಿಯಲ್ಲಿ. ಅದರ ಹಿಂದಿದ್ದ ಕಾರ್ಲ್ ಮಗೀ ಅಲ್ಲಿನ ವಾಣಿಜ್ಯ ಮಂಡಳಿಯ ಸಂಚಾರ ಸಮಿತಿಯವರು. ಪೇಟೆಯಲ್ಲಿ ಕೆಲಸ ಮಾಡುವವರೇ ಬೆಳಿಗ್ಗೆ ಬಂದು ಅಂಗಡಿಗಳ ಮುಂದೆ ಕಾರು ನಿಲ್ಲಿಸಿ ಸಂಜೆಯವರೆಗೂ ತೆಗೆಯುತ್ತಿರಲಿಲ್ಲ, ಕೊಳ್ಳಲು ಬಂದವರಿಗೆ ಜಾಗವೇ ಸಿಗುತ್ತಿರಲಿಲ್ಲ. ಗಂಟೆಗೆ ಐದು ಸೆಂಟಿನ ನಾಣ್ಯ ಹಾಕಬೇಕೆಂದಾಗ ಜಾಗ ತಾನಾಗಿ ಖಾಲಿಯಾಯಿತು.

ಈ ಪಾಠವನ್ನು ಕ್ಯಾಲಿಫೋರ್ನಿಯಾದ ಪ್ಯಾಸಡೀನ ಊರು ಮತ್ತೆ ಕಲಿಯಬೇಕಾಯಿತು. ಕಲಿತ ರೀತಿ ವಿವರವಾಗಿ ಹೇಳಲು ಯೋಗ್ಯವಾಗಿದೆ.

ಪ್ಯಾಸಡೀನದ ಮೂಲ ಪೇಟೆ ಕೊಲೊರಾಡೊ ಬುಲೆವಾರ್ಡ್ ಎಂಬ ರಸ್ತೆಯ ಇಕ್ಕೆಲದಲ್ಲಿದೆ. 1929ರಲ್ಲಿ ಕಾರುಗಳ ಓಡಾಟಕ್ಕಾಗಿ ರಸ್ತೆಯನ್ನು 28 ಅಡಿ ಅಗಲ ಮಾಡಿದರು. ಎರಡೂ ಕಡೆಯ ಕಟ್ಟಡಗಳ ಮುಂಭಾಗ 14 ಅಡಿ ಕಡಿದು ಹಿಂದಕ್ಕೆ ಕಟ್ಟಿಕೊಳ್ಳಬೇಕಾಯಿತು. ಎರಡನೆಯ ಮಹಾಯುದ್ಧದ ನಂತರ ಪೇಟೆ ಕುಸಿಯಿತು. ಮಹಡಿಗಳು ಪಾಳು ಬಿದ್ದವು, ಕೆಳಗೆ ಗಿರವಿ ಅಂಗಡಿ, ಅಶ್ಲೀಲ ಚಿತ್ರಗಳ ಟಾಕೀಸು ಉಳಿದವು. ಎಪ್ಪತ್ತರ ದಶಕದಲ್ಲಿ ಹಲವು ಕಟ್ಟಡಗಳನ್ನು ಕೆಡವುವ ಯೋಜನೆಯೂ ಬಂತು. ಪಕ್ಕದಲ್ಲೇ ಸಾರ್ವಜನಿಕ ಹಣದ ನೆರವಿನಿಂದ, ಬಿಟ್ಟಿ ಪಾರ್ಕಿಂಗಿನ ಪ್ಲಾಜಾ ಪ್ಯಾಸಡೀನ ಎಂಬ ಮಾಲ್ ಎದ್ದಿತು. ಊರಿನ ಜನ ಎಚ್ಚೆತ್ತು ಹಳೆಯ ಪೇಟೆ ಉಳಿಸಬೇಕೆಂದರು. 1983ರಲ್ಲಿ ಅದು ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿತು.

ಅಲ್ಲಿ ಮುಂದಿನ ಅಡ್ಡಿ ಪಾರ್ಕಿಂಗ್ ನಿಯಮದ್ದೇ. ಹಳೆಯ ಕಟ್ಟಡದಲ್ಲಿ ಹೋಟೆಲು ತೆರೆಯಬೇಕೆಂದರೆ ಇಷ್ಟು ಕಾರಿಗೆ ಜಾಗ ತೋರಿಸಬೇಕು ಎಂಬ ಷರತ್ತು. ನೂರು ವರ್ಷದ ಕಟ್ಟಡದಲ್ಲಿ ಅದು ಎಲ್ಲಿಂದ ಬರಬೇಕು? 1987ರಲ್ಲಿ ನಗರಸಭೆ ಒಂದು ದಾರಿ ತೆಗೆಯಿತು. ಸ್ವಂತ ಜಾಗ ಕಟ್ಟುವ ಬದಲು, ಪ್ರತಿ ಕಾರಿನ ಜಾಗಕ್ಕೆ ವರ್ಷಕ್ಕೆ ಒಂದು ಸಣ್ಣ ಶುಲ್ಕ ಕಟ್ಟಿದರೆ ಸಾಕು, ಸಾರ್ವಜನಿಕ ನಿಲುಗಡೆ ಕಟ್ಟಡವನ್ನು ಎಲ್ಲರೂ ಹಂಚಿಕೊಂಡು ಬಳಸಬಹುದು. ಇದೂ ವಂತಿಗೆಯೇ, ಆದರೆ ಜಾಣತನದ ವಂತಿಗೆ. ಹಗಲು ಬ್ಯಾಂಕಿನವರ ಕಾರು ನಿಂತ ಜಾಗದಲ್ಲಿ ರಾತ್ರಿ ಊಟಕ್ಕೆ ಬಂದವರ ಕಾರು ನಿಲ್ಲುತ್ತದೆ.

ಇಷ್ಟಾದರೂ ರಸ್ತೆಬದಿಯಲ್ಲಿ ಮೀಟರ್ ಇರಲಿಲ್ಲ. ಅಂಗಡಿಗಳ ನೌಕರರು ಮಾಲೀಕರು ಬೆಳಿಗ್ಗೆಯೇ ಬಂದು ಒಳ್ಳೆಯ ಜಾಗ ಹಿಡಿಯುತ್ತಿದ್ದರು. ನಗರಸಭೆ ಮೀಟರ್ ಹಾಕುತ್ತೇವೆ ಎಂದಾಗ ವರ್ತಕರು ಎರಡು ವರ್ಷ ಜಗ್ಗಾಡಿದರು, ಇರುವ ನಾಲ್ಕು ಗಿರಾಕಿಗಳೂ ಓಡಿಹೋಗುತ್ತಾರೆ ಎಂದರು. ಜಗಳ ಬಗೆಹರಿದದ್ದು ಒಂದೇ ಒಂದು ಮಾತಿನಿಂದ: ಮೀಟರಿನ ಹಣವೆಲ್ಲ ಈ ಪೇಟೆಗೇ ಸಲ್ಲುತ್ತದೆ. ಆ ಮಾತು ಕೇಳಿದ ಮೇಲೆ ಬೇಡ ಎನ್ನುತ್ತಿದ್ದವರೇ ಸಂಜೆಯ ಹೊತ್ತೂ ಭಾನುವಾರವೂ ಮೀಟರ್ ನಡೆಯಲಿ ಎಂದರು. 1993ರಲ್ಲಿ ಗಂಟೆಗೆ ಒಂದು ಡಾಲರ್ ದರದ ಸುಮಾರು 690 ಮೀಟರುಗಳು ಬಂದವು. ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಸಲಹೆ ಕೊಡಲು ವರ್ತಕರು ಮತ್ತು ಕಟ್ಟಡ ಮಾಲೀಕರ ಮಂಡಳಿ ರಚನೆಯಾಯಿತು. ಮುಂದೆ ಬರುವ ಮೀಟರ್ ಹಣದ ಭರವಸೆಯ ಮೇಲೆ ನಗರಸಭೆ ಐವತ್ತು ಲಕ್ಷ ಡಾಲರ್ ಸಾಲ ಎತ್ತಿ ಫುಟ್‌ಪಾತ್, ಮರ, ದೀಪ, ಬೆಂಚುಗಳನ್ನು ಹಾಕಿಸಿತು. ಹೊಲಸು ನಾರುತ್ತಿದ್ದ ಹಿಂಬದಿಯ ಓಣಿಗಳನ್ನು ಜನ ನಡೆದಾಡುವ ದಾರಿ ಮಾಡಿತು. ನಾಣ್ಯ ಹಾಕುವವರಿಗೆ ಗೊತ್ತಾಗಲೆಂದು, ಈ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೀಟರಿನ ಮೇಲೆಯೇ ಅಂಟಿಸಿತು. 2001ರ ಹೊತ್ತಿಗೆ ಖರ್ಚು ಕಳೆದು ವರ್ಷಕ್ಕೆ ಹನ್ನೆರಡು ಲಕ್ಷ ಡಾಲರ್ ಉಳಿಯುತ್ತಿತ್ತು. ಬಿಟ್ಟಿ ಪಾರ್ಕಿಂಗಿನ ಮಾಲ್‌ಗಿಂತ, ದುಡ್ಡು ಕೊಟ್ಟು ನಿಲ್ಲಿಸುವ ಹಳೆಯ ಪೇಟೆಯಿಂದಲೇ ಹೆಚ್ಚು ಮಾರಾಟ ತೆರಿಗೆ ಬರತೊಡಗಿತು. ಕೊನೆಗೆ ಆ ಮಾಲ್ ಅನ್ನೇ ಕೆಡವಿದರು.

ಅದೇ ಕಾಲಕ್ಕೆ ವೆಸ್ಟ್‌ವುಡ್‌ನಲ್ಲಿ ಇದರ ತದ್ವಿರುದ್ಧ ನಡೆಯಿತು. ವ್ಯಾಪಾರ ಇಳಿದಿದೆ ಎಂದು ವರ್ತಕರು ಒತ್ತಾಯಿಸಿ 1994ರಲ್ಲಿ ಮೀಟರ್ ದರವನ್ನು ಒಂದು ಡಾಲರಿನಿಂದ ಐವತ್ತು ಸೆಂಟಿಗೆ ಇಳಿಸಿದರು. ಹಣ ಹೋಗುತ್ತಿದ್ದದ್ದು ಲಾಸ್ ಏಂಜಲೀಸ್ ನಗರದ ಒಟ್ಟು ಬೊಕ್ಕಸಕ್ಕೆ. ಆದ್ದರಿಂದ ದರ ಇಳಿದಾಗ ಅಲ್ಲಿ ಯಾರಿಗೂ ನಷ್ಟವೆನಿಸಲಿಲ್ಲ. ಫುಟ್‌ಪಾತುಗಳು ಒಡೆದೇ ಉಳಿದವು, ಪೇಟೆ ಚೇತರಿಸಿಕೊಳ್ಳಲಿಲ್ಲ.

ಪ್ಯಾಸಡೀನದ ಯಶಸ್ಸನ್ನೆಲ್ಲ ಮೀಟರಿನ ತಲೆಗೆ ಕಟ್ಟುವುದು ಸರಿಯಲ್ಲ. ಸುಂದರವಾದ ಹಳೆಯ ಕಟ್ಟಡಗಳಿದ್ದವು, ಪಕ್ಕದಲ್ಲಿ ದೊಡ್ಡ ನಗರವಿತ್ತು, ನಿಲುಗಡೆ ಕಟ್ಟಡಗಳು ಮೊದಲೇ ಎದ್ದಿದ್ದವು. ಅರ್ಧ ಅಂಗಡಿಗಳಿಗೆ ಬೀಗ ಬಿದ್ದಿರುವ ಸಣ್ಣ ಊರಿನ ಖಾಲಿ ಬೀದಿಯಲ್ಲಿ ಮೀಟರ್ ನೆಟ್ಟರೆ ಬರುವ ಒಬ್ಬಿಬ್ಬರೂ ಬರದೇ ಹೋದಾರು. ಇದನ್ನು ನಾನು ಒಪ್ಪುತ್ತೇನೆ. ಶೂಪ್ ಅವರ ಸೂತ್ರದ ಪ್ರಕಾರವೇ ಜಾಗ ಧಾರಾಳವಾಗಿ ಖಾಲಿ ಇರುವ ಕಡೆ ಸರಿಯಾದ ಬೆಲೆ ಸೊನ್ನೆ. ಅಂಥ ಕಡೆ ಅಂಗಡಿಗಳ ವಂತಿಗೆಯಿಂದ ದೀಪ ಹಾಕಲಿ, ಸಂತೆ ಸಂಗೀತ ಏರ್ಪಡಿಸಲಿ, ಜನರನ್ನು ಕರೆಯಲಿ. ಆದರೆ ಜಾಗವೇ ಖಾಲಿ ಇರುವ ಊರಿನಲ್ಲಿ ವಂತಿಗೆ ಎತ್ತಿ ಇನ್ನಷ್ಟು ಪಾರ್ಕಿಂಗ್ ಕಟ್ಟುವುದೂ ಅಷ್ಟೇ ವ್ಯರ್ಥ. ಜಾಗ ಸಾಲದ ಕಡೆ ಕಾರಿನವರು ಕೊಡಬೇಕು, ಜಾಗ ಮಿಕ್ಕ ಕಡೆ ಕಟ್ಟಬಾರದು. ಎರಡೂ ಸಂದರ್ಭಗಳಲ್ಲಿ ಅಂಗಡಿಯವರ ವಂತಿಗೆಗೆ ಬಿಟ್ಟಿ ಪಾರ್ಕಿಂಗಿನಲ್ಲಿ ಕೆಲಸವಿಲ್ಲ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಹಣ ಕೊಟ್ಟವರಿಗೆ ಅಧಿಕಾರ ಎಂಬ ತತ್ತ್ವ ಎಲ್ಲಿಯವರೆಗೆ ಸರಿ? ಕ್ಯಾಲಿಫೋರ್ನಿಯಾದಲ್ಲಿ ಮತದ ತೂಕ ವಂತಿಗೆಯ ಮೊತ್ತದ ಮೇಲೆ. ಹತ್ತು ದೊಡ್ಡ ಮಳಿಗೆಗಳ ಒಡೆಯನ ಒಂದು ಸಹಿ ಐವತ್ತು ಸಣ್ಣ ಅಂಗಡಿಗಳ ಸಹಿಯನ್ನು ಮುಚ್ಚಿಹಾಕಬಲ್ಲದು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ಪ್ರದೇಶದಲ್ಲಿ ಇಂಥದೇ ಆಡಳಿತ ಮಂಡಳಿಯಲ್ಲಿ ಆಸ್ತಿ ಮಾಲೀಕರಿಗೇ ಬಹುಮತ ಮೀಸಲಾಗಿತ್ತು. ಒಬ್ಬರಿಗೆ ಒಂದು ಮತ ಎಂಬ ಸಂವಿಧಾನದ ತತ್ತ್ವಕ್ಕೆ ಇದು ವಿರುದ್ಧ ಎಂದು ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಮಂಡಳಿಯ ಕೆಲಸ ಸೀಮಿತವಾದದ್ದು, ಆದ್ದರಿಂದ ಆ ತತ್ತ್ವ ಇಲ್ಲಿ ಅನ್ವಯಿಸದು ಎಂದು 1998ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅದೇ ವರ್ಷ, ಅದೇ ಪ್ರದೇಶದ ಸಂಸ್ಥೆಯ ಇನ್ನೊಂದು ಮೊಕದ್ದಮೆ ತೀರ್ಮಾನವಾಯಿತು. ಮನೆಯಿಲ್ಲದೆ ಬೀದಿಯಲ್ಲಿದ್ದ ಜನರನ್ನು ತರಬೇತಿಯ ಹೆಸರಿನಲ್ಲಿ ಗಂಟೆಗೆ ಒಂದು, ಒಂದೂವರೆ ಡಾಲರಿಗೆ ದುಡಿಸಿಕೊಂಡದ್ದು ತಪ್ಪು, ಅವರಿಗೆ ಕನಿಷ್ಠ ಕೂಲಿ ಸಲ್ಲಬೇಕಿತ್ತು ಎಂದು ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್ ಹೇಳಿದರು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. ಸೀಮಿತ ಕೆಲಸ ಎಂದು ಕರೆಸಿಕೊಂಡ ಸಂಸ್ಥೆಯ ಕೈ ಎಷ್ಟು ಬಡವರ ಬದುಕಿನವರೆಗೆ ಚಾಚಬಲ್ಲದು ಎಂಬುದು ಆಗ ಕಾಣುತ್ತದೆ.

ಬ್ರಿಟನ್ 2003ರ ಕಾನೂನಿನಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಹಿಡಿಯಿತು. ಅಲ್ಲಿ ವಂತಿಗೆ ಜಾರಿಗೆ ಬರಬೇಕಾದರೆ ಎರಡು ಬಹುಮತ ಬೇಕು. ಮತ ಹಾಕಿದ ಅಂಗಡಿಗಳ ಸಂಖ್ಯೆಯಲ್ಲೂ ಹೆಚ್ಚಿನವರು ಒಪ್ಪಬೇಕು, ಆಸ್ತಿಯ ಬಾಡಿಗೆ ಮೌಲ್ಯದಲ್ಲೂ ಹೆಚ್ಚಿನ ಪಾಲು ಒಪ್ಪಬೇಕು. ದೊಡ್ಡವರು ಸಣ್ಣವರನ್ನು ತುಳಿಯಲಾಗದು, ಸಣ್ಣವರು ಸೇರಿ ದೊಡ್ಡವರ ಜೇಬಿಗೆ ಕೈ ಹಾಕಲೂ ಆಗದು. ಐದು ವರ್ಷ ಮೀರಿದರೆ ಮತ್ತೆ ಮತಕ್ಕೆ ಹೋಗಬೇಕು. ಕೆಲಸ ಮಾಡದ ಮಂಡಳಿ ಅಲ್ಲಿಗೆ ಮುಗಿಯಿತು.

ಬಾಡಿಗೆದಾರರ ಮಾತು ಅಮೆರಿಕ, ಬ್ರಿಟನ್ ಎರಡೂ ಕಡೆ ಪೂರ್ತಿ ಬಗೆಹರಿದಿಲ್ಲ. ವಂತಿಗೆ ಕೊಟ್ಟು ಬೀದಿಯನ್ನು ಚೆಂದ ಮಾಡಿದವನು ಬಾಡಿಗೆಯ ಅಂಗಡಿಕಾರ. ಚೆಂದವಾದ ಬೀದಿಯಲ್ಲಿ ಬಾಡಿಗೆ ಏರಿಸುವವನು ಕಟ್ಟಡದ ಮಾಲೀಕ. ಒಂದೇ ಸುಧಾರಣೆಗೆ ಅಂಗಡಿಕಾರ ಎರಡು ಸಲ ತೆತ್ತ, ಕೊನೆಗೆ ಬಾಡಿಗೆ ತಾಳದೆ ಅಂಗಡಿಯನ್ನೂ ಖಾಲಿ ಮಾಡಿದ. ಕ್ಯಾಲಿಫೋರ್ನಿಯಾ 1994ರಲ್ಲಿ ಆಸ್ತಿಯ ಮೇಲೂ ವಂತಿಗೆ ಹಾಕಲು ಅವಕಾಶ ಕೊಟ್ಟದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ನೆಲದ ಬೆಲೆ ಏರುವುದರ ಲಾಭ ಯಾರಿಗೋ, ದೊಡ್ಡ ಪಾಲು ಅವರೇ ಹೊರಲಿ.

ಈಗ ಬೆಂಗಳೂರಿನ ಮಾತು. ಈ ಚರ್ಚೆ ಇಲ್ಲಿಗೂ ಬಂದಿದೆ. ಬ್ರಿಗೇಡ್ ರಸ್ತೆಯಲ್ಲಿ ವರ್ತಕರ ಸಂಘವೇ ಮುಂದೆ ನಿಂತು ಪಾರ್ಕಿಂಗ್ ಮೀಟರ್ ನಡೆಸಿದ ಅನುಭವ ಈ ನಗರಕ್ಕಿದೆ. ಚರ್ಚ್ ಸ್ಟ್ರೀಟನ್ನು ಕಲ್ಲು ಹಾಸಿ ಹೊಸದಾಗಿ ಕಟ್ಟಿ 2018ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಕಟ್ಟುವುದಕ್ಕೆ ಸರ್ಕಾರದ ಹಣ ಬಂತು, ಕಾಪಾಡುವುದಕ್ಕೆ ಆ ಬೀದಿಗೇ ಮೀಸಲಾದ ಹಣದ ಮೂಲ ಬೇಕೇ ಬೇಕು. ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ನಿಲುಗಡೆ ಕಟ್ಟಡ ಸಿದ್ಧವಾದ ಮೇಲೂ ಬಹುಕಾಲ ಬಾಗಿಲು ತೆರೆಯಲಿಲ್ಲ. 2024ರಲ್ಲಿ ತೆರೆಯಿತು. ಸುತ್ತಲಿನ ರಸ್ತೆಗಳಲ್ಲಿ ಬಿಟ್ಟಿ ನಿಲ್ಲಿಸಲು ಆಗುವವರೆಗೆ ದುಡ್ಡು ಕೊಟ್ಟು ಮೇಲಿನ ಮಹಡಿಗೆ ಕಾರು ಹತ್ತಿಸುವವರು ಯಾರು? ರಾಜ್ಯ ಸರ್ಕಾರ 2021ರಲ್ಲಿ ಬೆಂಗಳೂರಿಗೆ ಹೊಸ ಪಾರ್ಕಿಂಗ್ ನೀತಿಯನ್ನು ಒಪ್ಪಿ, ನಿಲುಗಡೆಗೆ ಬೆಲೆ ಇರಬೇಕು ಎಂಬ ತತ್ತ್ವವನ್ನು ಕಾಗದದ ಮೇಲೆ ಮಾನ್ಯ ಮಾಡಿದೆ.

ಆದರೆ ಕ್ಯಾಲಿಫೋರ್ನಿಯಾದ ಕಾನೂನನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಡಬಾರದು. ನಮ್ಮ ಪೇಟೆ ಬೀದಿಯಲ್ಲಿ ಹೂವು, ಸೊಪ್ಪು, ಕಡಲೆಕಾಯಿ ಮಾರುವವರಿದ್ದಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಹಕ್ಕು ಕೊಟ್ಟಿದೆ. ವಂತಿಗೆ ಕೊಡುವ ಅಂಗಡಿಗಳ ಮಂಡಳಿ ಮೊದಲು ಮಾಡುವ ಸುಧಾರಣೆ ಫುಟ್‌ಪಾತಿನಿಂದ ಇವರನ್ನು ಎಬ್ಬಿಸುವುದಾದರೆ ಅಂಥ ಮಂಡಳಿ ನಮಗೆ ಬೇಡ. ಅವರಿಗೂ ಮಂಡಳಿಯಲ್ಲಿ ಸ್ಥಾನ ಇರಲಿ, ಅವರಿಂದಲೂ ಅವರ ಶಕ್ತಿಗೆ ತಕ್ಕ ಕಾಸು ಬರಲಿ. ಇನ್ನೊಂದು ಅಡ್ಡಿ ಇದಕ್ಕಿಂತ ದೊಡ್ಡದು. ಪ್ಯಾಸಡೀನದ ವರ್ತಕರು ಹಣ ನಮ್ಮ ಬೀದಿಗೇ ಎಂಬ ಮಾತನ್ನು ನಂಬಿದ್ದು, ಆ ಮಾತು ಕೊಟ್ಟವರು ತಾವೇ ಆರಿಸಿದ ನಗರಸಭೆಯವರಾದ್ದರಿಂದ. ತಪ್ಪಿದರೆ ಮುಂದಿನ ಚುನಾವಣೆಯಲ್ಲಿ ಕೇಳಬಹುದಿತ್ತು. ಬೆಂಗಳೂರಿನ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ನಗರ ಅಧಿಕಾರಿಗಳ ಕೈಯಲ್ಲೇ ನಡೆಯಿತು. ಕೇಳುವ ಸದಸ್ಯನೇ ಇಲ್ಲದಿರುವಾಗ ಕೊಟ್ಟ ಮಾತಿಗೆ ಹೊಣೆ ಯಾರು?

ಹಾಗಾಗಿ ನಮ್ಮ ಊರುಗಳ ವರ್ತಕರ ಸಂಘಗಳಲ್ಲಿ ನನ್ನ ಕೋರಿಕೆ ಇದು. ಪಾರ್ಕಿಂಗ್ ಶುಲ್ಕದ ಪ್ರಸ್ತಾಪ ಬಂದಾಗಲೆಲ್ಲ ಬಂದ್ ಕರೆಯುವ ರೂಢಿ ಬಿಡಿ. ಶುಲ್ಕ ಬರಲಿ, ಆದರೆ ಅದರಲ್ಲಿ ನಮ್ಮ ಬೀದಿಗೆ ಎಷ್ಟು ಎಂದು ಆದೇಶದಲ್ಲೇ ಬರೆಯಿರಿ, ತಿಂಗಳು ತಿಂಗಳು ಲೆಕ್ಕವನ್ನು ಬೀದಿಯ ತುದಿಯ ಫಲಕದಲ್ಲಿ ಹಾಕಿ, ಐದು ವರ್ಷಕ್ಕೊಮ್ಮೆ ನಮ್ಮನ್ನೂ ನಮ್ಮ ಮುಂದಿನ ಹೂವಿನವರನ್ನೂ ಕೇಳಿ ಎಂದು ಒತ್ತಾಯಿಸಿ. ಇಷ್ಟನ್ನು ಸರ್ಕಾರ ಒಪ್ಪಿದರೆ ನಿಮ್ಮ ಪಾಲಿನ ವಂತಿಗೆಯನ್ನೂ ಧೈರ್ಯವಾಗಿ ಕೊಡಿ. ಒಪ್ಪದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.